ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಚ್‌ಐವಿ–ಏಡ್ಸ್ ಪಾಠ: ಮಲೆನಾಡಿನ ಬೋಧಕರಿಗೊಂದು ಸಮಗ್ರ ಮಾರ್ಗದರ್ಶಿ

ಎಚ್‌ಐವಿ ಹರಡುವ ಮಾರ್ಗಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಪೂರ್ಣ ಅಂಕ ಪಡೆದ ವಿದ್ಯಾರ್ಥಿನಿಯೇ ಮುಂದಿನ ವಾರ ವಾರ್ಡಿನಲ್ಲಿ ಸೋಂಕಿತ ರೋಗಿಯ ಬಿಪಿ ನೋಡಲು ಎರಡು ಜೊತೆ ಗ್ಲೌಸ್ ಹಾಕಿಕೊಳ್ಳುವುದನ್ನು ನರ್ಸಿಂಗ್ ಕಲಿಸುವ ನಾವೆಲ್ಲ ನೋಡಿದ್ದೇವೆ. ಅವಳಿಗೆ ವಿಷಯ ಗೊತ್ತಿಲ್ಲ ಎಂದಲ್ಲ. ಗೊತ್ತಿರುವುದು ಕೈಗೆ ಇಳಿದಿಲ್ಲ. ಆದ್ದರಿಂದ ಈ ಪಾಠವನ್ನು ಯೋಜಿಸುವ ಬೋಧಕರು ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ವಿಷಯ ಮುಗಿಸಬೇಕು’ ಎಂಬುದಲ್ಲ, ‘ರೋಗಿಯ ಹಾಸಿಗೆಯ ಪಕ್ಕ ನಿಂತಾಗ ಈ ವಿದ್ಯಾರ್ಥಿಯ ಕೈ ಎಲ್ಲಿ ಹಿಂಜರಿಯುತ್ತದೆ, ಏಕೆ ಹಿಂಜರಿಯುತ್ತದೆ’ ಎಂಬುದು. ಮುಂದೆ ವಿವರಿಸಿರುವ ಕ್ರಮವನ್ನು ಆ ಪ್ರಶ್ನೆಯ ಸುತ್ತಲೇ ಕಟ್ಟಲಾಗಿದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಸೀಮೆಯ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಮತ್ತು ಬಿ.ಎಸ್ಸಿ. ನರ್ಸಿಂಗ್ ತರಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದರೂ, ಬೇರೆ ಕಡೆಯ ಬೋಧಕರೂ ತಮ್ಮ ಊರಿನ ಉದಾಹರಣೆಗಳನ್ನು ಸೇರಿಸಿಕೊಂಡು ಬಳಸಬಹುದು.

ಮೊದಲ ಹೆಜ್ಜೆ: ಪಾಠಕ್ಕೆ ಮುನ್ನ ಭಯವನ್ನು ಕಾಗದದ ಮೇಲೆ ಇಳಿಸುವುದು

ಪಾಠ ಆರಂಭವಾಗುವ ಒಂದು ವಾರ ಮೊದಲು ತರಗತಿಯಲ್ಲಿ ಒಂದು ಮುಚ್ಚಿದ ಡಬ್ಬಿ ಇಡಿ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಟ್ಟು, ಎಚ್‌ಐವಿ ಬಗ್ಗೆ ತಮಗಿರುವ ಪ್ರಶ್ನೆಯನ್ನೋ ಭಯವನ್ನೋ ಹೆಸರಿಲ್ಲದೆ ಬರೆದು ಹಾಕಲು ಹೇಳಿ. ಕನ್ನಡದಲ್ಲಿ ಬರೆಯಬಹುದು ಎಂದು ಸ್ಪಷ್ಟವಾಗಿ ತಿಳಿಸಿ. ಹೊಸನಗರ, ಸೊರಬದ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಪಠ್ಯಪುಸ್ತಕದ ಪ್ರಶ್ನೆಯನ್ನೇ ನಕಲು ಮಾಡುತ್ತಾರೆ. ಕನ್ನಡದಲ್ಲಾದರೆ ಮನಸ್ಸಿನಲ್ಲಿರುವುದನ್ನು ಬರೆಯುತ್ತಾರೆ. ‘ಬೆವರು ತಾಗಿದರೆ ಬರುತ್ತದೆಯೇ’, ‘ಸಲೂನಿನ ಬ್ಲೇಡಿನಿಂದ ಬರುತ್ತದೆಯೇ’, ‘ಅವರು ಉಂಡ ತಟ್ಟೆ ತೊಳೆದರೆ’, ‘ಉಣುಗು ಕಚ್ಚಿದರೆ’, ‘ಮದುವೆಯಾಗುವ ಹುಡುಗನಿಗೆ ಪರೀಕ್ಷೆ ಮಾಡಿಸಿ ಎನ್ನುವುದು ಹೇಗೆ’ ಎಂಬಂಥ ಪ್ರಶ್ನೆಗಳು ಹೊರಬರುವುದು ಹೀಗೆ.

ಈ ಚೀಟಿಗಳನ್ನು ಬೋಧಕರು ಒಬ್ಬರೇ ಓದಿ ಮೂರು ಗುಂಪು ಮಾಡಬೇಕು: ಮಾಹಿತಿಯಿಂದ ಬಗೆಹರಿಯುವವು, ಕೈಯಾರೆ ಮಾಡಿ ನೋಡಿದರೆ ಮಾತ್ರ ಬಗೆಹರಿಯುವವು, ಮತ್ತು ನಂಬಿಕೆ–ನಾಚಿಕೆಗೆ ಸಂಬಂಧಿಸಿದವು. ಯಾವ ಗುಂಪು ದೊಡ್ಡದೋ ಅದಕ್ಕೆ ಹೆಚ್ಚು ಅವಧಿ ಮೀಸಲಿಡಿ. ಪಠ್ಯಕ್ರಮದ ತಲೆಬರಹಗಳಿಗೆ ಸಮನಾಗಿ ಅವಧಿ ಹಂಚುವುದಕ್ಕಿಂತ ಇದು ಎಷ್ಟೋ ಉತ್ತಮ.

ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ನಿಮ್ಮ ತರಗತಿಯಲ್ಲೇ ಎಚ್‌ಐವಿ ಜೊತೆ ಬದುಕುತ್ತಿರುವ ವಿದ್ಯಾರ್ಥಿ ಇರಬಹುದು; ತಂದೆಯನ್ನೋ ತಾಯಿಯನ್ನೋ ಈ ಕಾಯಿಲೆಯಲ್ಲಿ ಕಳೆದುಕೊಂಡವರು ಇರಬಹುದು. ಇದ್ದಾರೆ ಎಂದೇ ಭಾವಿಸಿ ಮಾತನಾಡಿ. ‘ನಮ್ಮಲ್ಲಿ ಯಾರಿಗೂ ಇಲ್ಲವಲ್ಲ’ ಎಂಬ ಧಾಟಿಯ ಒಂದು ವಾಕ್ಯ ಸಾಕು, ಆ ಮಗು ನಾಲ್ಕು ವರ್ಷ ಬಾಯಿ ಬಿಡದಂತೆ ಮಾಡಲು. ಕೈ ಎತ್ತಿ ಎನ್ನುವ, ಅನುಭವ ಹಂಚಿಕೊಳ್ಳಿ ಎನ್ನುವ ಚಟುವಟಿಕೆಗಳನ್ನು ಈ ಪಾಠದಲ್ಲಿ ಪೂರ್ತಿ ಬಿಟ್ಟುಬಿಡಿ.

ಎರಡನೆಯ ಹೆಜ್ಜೆ: ಹರಡುವಿಕೆಯನ್ನು ಕೆಲಸದ ಮೂಲಕ ಕಲಿಸುವುದು

ಹರಡುವ ಮಾರ್ಗಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿಸುವ ಬದಲು ಮೂರು ಪ್ರಶ್ನೆಗಳನ್ನು ಕಲಿಸಿ. ಈ ದ್ರವದಲ್ಲಿ ವೈರಸ್ ಸೋಂಕು ತಗಲಿಸುವಷ್ಟು ಪ್ರಮಾಣದಲ್ಲಿದೆಯೇ? ದೇಹದ ಒಳಹೋಗಲು ದಾರಿ ಇದೆಯೇ? ಆ ದಾರಿಯಲ್ಲಿ ಸಾಕಷ್ಟು ಪ್ರಮಾಣ ಒಳಸೇರುತ್ತದೆಯೇ? ರಕ್ತ, ವೀರ್ಯ, ಯೋನಿಸ್ರಾವ, ಎದೆಹಾಲು, ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು, ಮಿದುಳುಬಳ್ಳಿಯ ದ್ರವ, ಶ್ವಾಸಕೋಶದ ಪೊರೆ, ಹೊಟ್ಟೆ ಮತ್ತು ಕೀಲುಗಳಲ್ಲಿ ತುಂಬುವ ದ್ರವ ಇವು ಮೊದಲ ಪ್ರಶ್ನೆಗೆ ‘ಹೌದು’ ಎನ್ನುವಂಥವು. ಬೆವರು, ಕಣ್ಣೀರು, ಮೂತ್ರ, ಮಲ, ವಾಂತಿ, ಜೊಲ್ಲು, ಕಫ ಇವುಗಳಲ್ಲಿ ಕಣ್ಣಿಗೆ ಕಾಣುವಂತೆ ರಕ್ತ ಬೆರೆತಿಲ್ಲದಿದ್ದರೆ ಎಚ್‌ಐವಿಯ ಮಟ್ಟಿಗೆ ‘ಇಲ್ಲ’ ಎನ್ನುವಂಥವು.

ಉಣುಗಿನ ಪ್ರಶ್ನೆಯನ್ನು ನಮ್ಮ ಭಾಗದಲ್ಲಿ ತಳ್ಳಿಹಾಕುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ನೆನಪು ಇಲ್ಲಿನ ಪ್ರತಿ ಮನೆಯಲ್ಲೂ ಇದೆ. ಕಾಡಿಗೆ ಹೋಗಿ ಬಂದವರು ಉಣುಗಿನಿಂದ ಸೋಂಕು ತಗುಲಿ ಮಲಗಿದ್ದನ್ನು ಕೇಳಿ ಬೆಳೆದ ವಿದ್ಯಾರ್ಥಿಗೆ, ಒಂದು ವೈರಸ್ ಉಣುಗಿನಿಂದ ಬರುವುದಾದರೆ ಇನ್ನೊಂದು ಏಕೆ ಬರುವುದಿಲ್ಲ ಎನ್ನಿಸುವುದು ಸಹಜ. ಉತ್ತರವನ್ನು ಜೀವಶಾಸ್ತ್ರದಿಂದಲೇ ಕೊಡಿ. ಮಂಗನ ಕಾಯಿಲೆಯ ವೈರಸ್ ಉಣುಗಿನ ದೇಹದೊಳಗೆ ಬದುಕಿ ಬೆಳೆಯುತ್ತದೆ; ಎಚ್‌ಐವಿಗೆ ಬೆಳೆಯಲು ಮನುಷ್ಯನ ಸಿಡಿ4 ಎಂಬ ರೋಗನಿರೋಧಕ ಜೀವಕೋಶಗಳು ಬೇಕು, ಸೊಳ್ಳೆಯ ಅಥವಾ ಉಣುಗಿನ ಒಡಲಿನಲ್ಲಿ ಅದು ವೃದ್ಧಿಯಾಗುವುದಿಲ್ಲ. ಎರಡೂ ವೈರಸ್‌ಗಳ ದಾರಿಯನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಸಿದರೆ ವಿದ್ಯಾರ್ಥಿಗೆ ಇದು ಮರೆಯುವುದಿಲ್ಲ.

ಅನಂತರ ವಾರ್ಡಿನ ಕೆಲಸಗಳನ್ನು ಚೀಟಿಗಳಲ್ಲಿ ಬರೆದು ಹಂಚಿ: ಜ್ವರ ನೋಡುವುದು, ಬೆಡ್‌ಪ್ಯಾನ್ ಕೊಡುವುದು, ಸ್ಪಂಜ್ ಬಾತ್, ಒಣ ಹಾಸಿಗೆ ಬದಲಿಸುವುದು, ರಕ್ತ ಅಂಟಿದ ಹಾಸಿಗೆ ಬದಲಿಸುವುದು, ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ನಳಿಕೆ) ಹಾಕುವುದು, ಗಾಯದ ಡ್ರೆಸ್ಸಿಂಗ್, ಸಕ್ಷನ್ (ಗಂಟಲಿನ ಕಫ ಹೀರಿ ತೆಗೆಯುವುದು), ಹೆರಿಗೆ ಮಾಡಿಸುವುದು, ಊಟ ಮಾಡಿಸುವುದು. ಯಾವುದಕ್ಕೆ ಏನೂ ಬೇಡ, ಯಾವುದಕ್ಕೆ ಗ್ಲೌಸ್ ಸಾಕು, ಯಾವುದಕ್ಕೆ ಗ್ಲೌಸಿನ ಜೊತೆ ಏಪ್ರನ್, ಮಾಸ್ಕ್, ಕನ್ನಡಕ ಬೇಕು ಎಂದು ಗುಂಪುಗಳು ವಿಂಗಡಿಸಲಿ. ವಿಂಗಡಣೆ ಮುಗಿದ ಮೇಲೆ ಪ್ರತಿ ಗುಂಪಿಗೂ ‘ಈ ರೋಗಿ ಎಚ್‌ಐವಿ ಸೋಂಕಿತರು’ ಎಂದು ತಿಳಿಸಿ, ಈಗ ಯಾವ ಚೀಟಿಯ ಜಾಗ ಬದಲಾಗುತ್ತದೆ ಎಂದು ಕೇಳಿ. ಸರಿಯಾದ ಉತ್ತರ, ಒಂದೂ ಬದಲಾಗುವುದಿಲ್ಲ. ರಕ್ಷಣೆ ಕೆಲಸವನ್ನು ನೋಡಿಕೊಂಡು ನಿರ್ಧಾರವಾಗುತ್ತದೆಯೇ ಹೊರತು ರೋಗಿಯ ವರದಿಯನ್ನು ನೋಡಿಕೊಂಡಲ್ಲ. ಏಕೆಂದರೆ ಸೋಂಕಿದ್ದೂ ಪರೀಕ್ಷೆಯಾಗದ ರೋಗಿ ಪಕ್ಕದ ಹಾಸಿಗೆಯಲ್ಲಿಯೇ ಇರಬಹುದು. ಇಡೀ ಪಾಠದಲ್ಲಿ ಒಂದೇ ಒಂದು ತರಗತಿಗೆ ಅವಕಾಶವಿದೆ ಎಂದಾದರೆ ನಾನು ಈ ಚೀಟಿಗಳ ತರಗತಿಯನ್ನೇ ಉಳಿಸಿಕೊಳ್ಳುತ್ತೇನೆ.

ಅಪಾಯದ ಪ್ರಮಾಣವನ್ನು ಅಡಿಕೆಯಿಂದ ತೋರಿಸುವುದು

ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಸರಾಸರಿ ಶೇ. 0.3, ಕಣ್ಣು, ಬಾಯಿಯ ಲೋಳೆಪೊರೆಗೆ ರಕ್ತ ಸಿಡಿದಾಗ ಸುಮಾರು ಶೇ. 0.09. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ. 30ರವರೆಗೂ ಹೋಗುತ್ತದೆ. ದಶಮಾಂಶ ಸಂಖ್ಯೆಗಳು ಕಿವಿಗೆ ಬಿದ್ದು ಹೋಗಿಬಿಡುತ್ತವೆ, ಆದ್ದರಿಂದ ಕಣ್ಣಿಗೆ ತೋರಿಸಿ. ಒಂದು ಬುಟ್ಟಿಯಲ್ಲಿ 1000 ಚಾಲಿ ಅಡಿಕೆ ಎಣಿಸಿ ಹಾಕಿ, ಅದರಲ್ಲಿ ಮೂರಕ್ಕೆ ಮಾತ್ರ ಕೆಂಪು ಬಣ್ಣ ಬಳಿಯಿರಿ. ಇನ್ನೊಂದು ಬುಟ್ಟಿಯಲ್ಲಿ 100 ಅಡಿಕೆ, ಅದರಲ್ಲಿ 30 ಕೆಂಪು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಎರಡೂ ಬುಟ್ಟಿಗಳಿಂದ ಒಂದೊಂದು ತೆಗೆಯಲಿ. ಮೊದಲ ಬುಟ್ಟಿಯಿಂದ ಇಡೀ ತರಗತಿ ತೆಗೆದರೂ ಕೆಂಪು ಬಾರದೆ ಇರುವುದೇ ಹೆಚ್ಚು. ಎರಡನೆಯದರಿಂದ ಮೂರು ನಾಲ್ಕು ಜನ ತೆಗೆಯುವಷ್ಟರಲ್ಲಿ ಕೆಂಪು ಕೈಗೆ ಬಂದಿರುತ್ತದೆ.

ಇದರಿಂದ ಎರಡು ಮಾತು ಮನದಟ್ಟಾಗಬೇಕು. ಎಚ್‌ಐವಿ ಅಪಾಯ ಸಣ್ಣದು, ಆದರೆ ಸೊನ್ನೆಯಲ್ಲ. ಮತ್ತು ಯಾವ ವಿದ್ಯಾರ್ಥಿಯೂ ಹೆಪಟೈಟಿಸ್ ಬಿ ಲಸಿಕೆ ಇಲ್ಲದೆ ವಾರ್ಡಿಗೆ ಕಾಲಿಡಬಾರದು. 0, 1 ಮತ್ತು 6 ತಿಂಗಳಿಗೆ ಮೂರು ಡೋಸ್ ಆಗಬೇಕಾದ್ದರಿಂದ, ಪ್ರವೇಶವಾದ ಮೊದಲ ತಿಂಗಳಲ್ಲೇ ಆರಂಭಿಸುವುದು ಕಾಲೇಜಿನ ಹೊಣೆ.

ಮೂರನೆಯ ಹೆಜ್ಜೆ: ಕೌಶಲ ಪ್ರಯೋಗಾಲಯ

ಗ್ಲೌಸ್ ತೆಗೆಯುವ ಕ್ರಮವನ್ನು ತೋರಿಸಿ ಬಿಟ್ಟರೆ ಸಾಲದು. ಗ್ಲೌಸ್ ಹಾಕಿದ ಕೈಗಳಿಗೆ ನೀರಲ್ಲಿ ಕಲಸಿದ ಕುಂಕುಮ ಹಚ್ಚಿಸಿ, ಅನಂತರ ತೆಗೆಯಲು ಹೇಳಿ. ಮಣಿಕಟ್ಟಿನ ಬಳಿಯೋ ಬೆರಳ ತುದಿಯಲ್ಲೋ ಕೆಂಪು ಗುರುತು ಉಳಿದರೆ, ಎಲ್ಲಿ ತಪ್ಪಿತು ಎಂದು ಬೋಧಕರು ಹೇಳುವ ಅಗತ್ಯವೇ ಇರುವುದಿಲ್ಲ. ಕಲೆ ಬಾರದಂತೆ ತೆಗೆಯಲು ಬರುವವರೆಗೂ ಮತ್ತೆ ಮತ್ತೆ ಮಾಡಿಸಿ, ಪ್ರತಿ ಸಲವೂ ಕೈ ತೊಳೆಯುವುದರೊಂದಿಗೇ ಮುಗಿಸಿ.

ಸೂಜಿಯ ವಿಷಯದಲ್ಲಿ ಪಟ್ಟು ಸಡಿಲಿಸಬೇಡಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಬಗ್ಗಿಸಬಾರದು, ಕೈಯಿಂದ ಕೈಗೆ ದಾಟಿಸಬಾರದು. ಚೂಪು ವಸ್ತುಗಳ ಬಿಳಿ, ತೂತು ಬೀಳದ ಡಬ್ಬಿ ಕೆಲಸ ಆರಂಭಿಸುವ ಮೊದಲೇ ಕೈಗೆಟುಕುವ ದೂರದಲ್ಲಿರಬೇಕು; ಮುಕ್ಕಾಲು ತುಂಬಿದ ಕೂಡಲೇ ಮುಚ್ಚಬೇಕು. ಚುಚ್ಚುವ ಬಹುಪಾಲು ಅವಘಡಗಳು ಡಬ್ಬಿ ದೂರವಿದ್ದು ಸೂಜಿ ಹಿಡಿದು ನಡೆಯುವಾಗ, ಟ್ರೇಯಲ್ಲಿ ಹತ್ತಿಯ ಅಡಿ ಬಿಟ್ಟ ಸೂಜಿಯನ್ನು ಇನ್ನೊಬ್ಬರು ಎತ್ತುವಾಗ, ಮುಚ್ಚಳ ಹಾಕಲು ಹೋದಾಗ ಆಗುವಂಥವು. ಈ ಮೂರು ದೃಶ್ಯಗಳನ್ನೂ ಮೇಜಿನ ಮೇಲೆ ಜೋಡಿಸಿಟ್ಟು ‘ಇಲ್ಲಿ ಏನು ತಪ್ಪಿದೆ’ ಎಂದು ಕೇಳಿ. ತ್ಯಾಜ್ಯ ಹಾಕುವ ಚೀಲ, ಡಬ್ಬಿಗಳ ಬಣ್ಣಗಳನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ನಿಜವಾದ ವಸ್ತುಗಳನ್ನು ಹಾಕಿಸಿಯೇ ಅಭ್ಯಾಸ ಮಾಡಿಸಿ.

ಚುಚ್ಚಿಕೊಂಡರೆ ಏನು ಮಾಡಬೇಕು: ಗಡಿಯಾರ ಹಿಡಿದು ಅಭ್ಯಾಸ

ಇದನ್ನು ಪ್ರತ್ಯೇಕ ತರಗತಿಯಾಗಿಯೇ ಮಾಡಿ. ದೃಶ್ಯ ಹೀಗಿರಲಿ: ರಾತ್ರಿ ಎರಡು ಗಂಟೆ, ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆ, ಹೊಲಿಗೆ ಹಾಕುವಾಗ ಸಹಾಯಕ್ಕಿದ್ದ ವಿದ್ಯಾರ್ಥಿನಿಗೆ ಸೂಜಿ ಚುಚ್ಚಿದೆ. ಒಬ್ಬರು ಆ ವಿದ್ಯಾರ್ಥಿನಿ, ಒಬ್ಬರು ಕರ್ತವ್ಯದ ಸಿಸ್ಟರ್, ಒಬ್ಬರು ವೈದ್ಯರು, ಒಬ್ಬರು ಗಡಿಯಾರ ನೋಡುವವರು.

ಗಾಯವನ್ನು ಹಿಂಡಬಾರದು, ಬೆರಳನ್ನು ಬಾಯಿಗಿಟ್ಟುಕೊಳ್ಳಬಾರದು, ಸ್ಪಿರಿಟ್ ಅಥವಾ ಬ್ಲೀಚಿಂಗ್ ನೀರು ಸುರಿಯಬಾರದು. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು; ಕಣ್ಣಿಗೆ ಸಿಡಿದಿದ್ದರೆ ನೀರಿನಿಂದ ಅಥವಾ ಸಲೈನ್‌ನಿಂದ ತೊಳೆಯಬೇಕು. ಕೂಡಲೇ ಕರ್ತವ್ಯದ ವೈದ್ಯರಿಗೆ ತಿಳಿಸಬೇಕು. ಅವರು ಗಾಯದ ಆಳ, ಸೂಜಿಯ ಬಗೆ, ರೋಗಿಯ ಸ್ಥಿತಿ ನೋಡಿ ತಡೆ ಔಷಧ ಬೇಕೇ ಎಂದು ತೀರ್ಮಾನಿಸುತ್ತಾರೆ. ಬೇಕೆಂದಾದರೆ ಮೊದಲ ಡೋಸ್ ಎರಡು ಗಂಟೆಯೊಳಗೆ ಸಿಕ್ಕರೆ ಅತ್ಯುತ್ತಮ. 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ವರದಿ ಬರಲಿ ಎಂದು ಮೊದಲ ಡೋಸನ್ನು ತಡೆಹಿಡಿಯಬಾರದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆಯನ್ನು 28 ದಿನ ಪೂರ್ತಿ ನುಂಗಬೇಕು. ಒಪ್ಪಿಗೆ ಪಡೆದು ಮೊದಲ ದಿನದ ರಕ್ತಪರೀಕ್ಷೆ, ಅನಂತರ 6 ವಾರ, 3 ತಿಂಗಳು, 6 ತಿಂಗಳಿಗೆ ಮರುಪರೀಕ್ಷೆ.

ಮಲೆನಾಡಿನಲ್ಲಿ ಈ ಅಭ್ಯಾಸಕ್ಕೆ ಒಂದು ಹೆಚ್ಚಿನ ಭಾಗ ಸೇರಬೇಕು. ಸಾಗರದಿಂದ ಶಿವಮೊಗ್ಗ ಸುಮಾರು 70 ಕಿ.ಮೀ.; ಆಷಾಢದ ಮಳೆಯಲ್ಲಿ, ರಾತ್ರಿ ಹೊತ್ತು, ಒಳಗಿನ ಹಳ್ಳಿಯಿಂದ ಎರಡು ಗಂಟೆಯೊಳಗೆ ಜಿಲ್ಲಾ ಕೇಂದ್ರ ತಲುಪುತ್ತೇವೆ ಎಂಬ ಭರವಸೆ ಇಟ್ಟುಕೊಳ್ಳಲಾಗದು. ಆದ್ದರಿಂದ ಗ್ರಾಮೀಣ ಪೋಸ್ಟಿಂಗ್ ಆರಂಭವಾಗುವ ಮೊದಲ ದಿನವೇ ಬೋಧಕರು ಆ ಆಸ್ಪತ್ರೆಯಲ್ಲಿ ತಡೆ ಔಷಧದ ಮೊದಲ ಡೋಸ್ ಎಲ್ಲಿದೆ, ಬೀಗದ ಕೈ ಯಾರ ಬಳಿ ಇರುತ್ತದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ವಿಚಾರಿಸಿ, ವಿದ್ಯಾರ್ಥಿಗಳಿಂದ ಅದನ್ನು ಡೈರಿಯಲ್ಲಿ ಬರೆಸಬೇಕು. ಬೈಗುಳಕ್ಕೆ ಹೆದರಿ ವಿದ್ಯಾರ್ಥಿಗಳು ಚುಚ್ಚಿಕೊಂಡಿದ್ದನ್ನು ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ‘ಮೊದಲು ಹೇಳು, ಮಿಕ್ಕಿದ್ದು ಆಮೇಲೆ’ ಎಂಬ ಮಾತನ್ನು ಬೋಧಕರು ಬಾಯಿಬಿಟ್ಟು ಹೇಳಿರಬೇಕು.

ನಾಲ್ಕನೆಯ ಹೆಜ್ಜೆ: ಕಾಯಿಲೆ ಮತ್ತು ಚಿಕಿತ್ಸೆಯನ್ನು ಒಬ್ಬರ ಬದುಕಿನ ಉದ್ದಕ್ಕೂ ಕಲಿಸುವುದು

ಹಂತಗಳು, ಅವಕಾಶವಾದಿ ಸೋಂಕುಗಳು (ರೋಗನಿರೋಧಕ ಶಕ್ತಿ ಕುಗ್ಗಿದಾಗ ತಗಲುವಂಥವು), ಔಷಧಗಳು ಎಂದು ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಬ್ಬ ಕಲ್ಪಿತ ವ್ಯಕ್ತಿಯನ್ನು ಆರಿಸಿಕೊಳ್ಳಿ. ಹೊಸನಗರದ ಕಡೆಯ, ಅಡಿಕೆ ಕೊಯ್ಲಿಗೆ ಹೋಗುವ ಮೂವತ್ತೈದರ ಹರೆಯದ ಒಬ್ಬರು ಎಂದಿಟ್ಟುಕೊಳ್ಳೋಣ. ಕೆಮ್ಮೆಂದು ಬಂದಾಗ ಕ್ಷಯ ಪತ್ತೆಯಾಗುತ್ತದೆ, ಅದರ ಜೊತೆಗೆ ಎಚ್‌ಐವಿ ಪರೀಕ್ಷೆ. ಪ್ರತಿಕಾಯ ಕಾಣಿಸದ ಆರಂಭದ ಅವಧಿ, ಫಲಿತಾಂಶ ಖಚಿತವಾಗಲು ಮೂರು ಬೇರೆ ಬೇರೆ ಕಿಟ್‌ಗಳ ಪರೀಕ್ಷೆ, ಸಿಡಿ4 ಎಣಿಕೆ 200ಕ್ಕಿಂತ ಕೆಳಗಿದ್ದರೆ ಅದರ ಅರ್ಥ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಎಲ್ಲವೂ ಅವರ ಕಥೆಯೊಳಗೇ ಬರುತ್ತವೆ. ಕ್ಷಯದ ರಿಫಾಂಪಿಸಿನ್ ಜೊತೆಗೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ ಎಂಬುದೂ ಇಲ್ಲಿಯೇ ನೆನಪಿನಲ್ಲಿ ಉಳಿಯುತ್ತದೆ.

ಇತಿಹಾಸ ಚಿಕ್ಕದಾಗಿರಲಿ, ಆದರೆ ಇರಲಿ. 1981ರಲ್ಲಿ ಅಮೆರಿಕದಲ್ಲಿ ಮೊದಲ ವರದಿ, 1983ರಲ್ಲಿ ವೈರಸ್ ಪತ್ತೆ, 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರಿಂದ ಭಾರತದ ಮೊದಲ ಪ್ರಕರಣಗಳ ಪತ್ತೆ, 2004ರ ಏಪ್ರಿಲ್ 1ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ), 2017ರಿಂದ ಸಿಡಿ4 ಎಷ್ಟೇ ಇರಲಿ ಎಲ್ಲ ಸೋಂಕಿತರಿಗೂ ಚಿಕಿತ್ಸೆ. ಒಬ್ಬ ವಿದ್ಯಾರ್ಥಿನಿಯ ಸಂಶೋಧನೆಯಿಂದ ನಮ್ಮ ದೇಶದ ಎಚ್‌ಐವಿ ಚರಿತ್ರೆ ಆರಂಭವಾಯಿತೆಂಬುದು ತರಗತಿಯ ಮಕ್ಕಳಿಗೆ ಹುರುಪು ಕೊಡುತ್ತದೆ.

ಔಷಧದ ಹೆಸರಿಗಿಂತ ಹೆಚ್ಚು ಹೊತ್ತು ಔಷಧ ತಪ್ಪುವುದೇಕೆ ಎಂಬುದರ ಮೇಲೆ ಕಳೆಯಿರಿ. ಕೊಯ್ಲಿನ ಕಾಲದಲ್ಲಿ ಒಂದು ದಿನದ ಕೂಲಿ ಬಿಡುವುದು ಕಷ್ಟ. ತನ್ನೂರಿನ ಬಸ್ಸಿನಲ್ಲಿ ಹೋದರೆ ‘ಎಲ್ಲಿಗೆ ಹೊರಟಿರಿ’ ಎಂದು ಕೇಳುವವರು ಇರುತ್ತಾರೆ. ಮಾತ್ರೆಯ ಡಬ್ಬಿಯನ್ನು ಒಟ್ಟು ಕುಟುಂಬದ ಮನೆಯಲ್ಲಿ ಎಲ್ಲಿಡುವುದು? ಈ ಮೂರು ತೊಡಕುಗಳಿಗೂ ವಿದ್ಯಾರ್ಥಿಗಳು ಗುಂಪಿನಲ್ಲಿ ಪರಿಹಾರ ಹುಡುಕಲಿ. ಗರ್ಭಿಣಿಯರ ವಿಷಯದಲ್ಲಿ ನರ್ಸ್‌ಗೆ ನೇರ ಸಂಬಂಧಿಸಿದ ಒಂದು ವಿವರವಿದೆ: ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಡೊಲುಟೆಗ್ರಾವಿರ್ ರಕ್ತ ಸೇರುವುದನ್ನು ತಗ್ಗಿಸುತ್ತವೆ. ಎಲ್ಲವನ್ನೂ ಊಟದೊಂದಿಗೆ ತೆಗೆದುಕೊಳ್ಳಬೇಕು, ಇಲ್ಲವೇ ಎಚ್‌ಐವಿ ಮಾತ್ರೆಯನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಯಾವ ತಡೆಕ್ರಮವೂ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇ. 15ರಿಂದ 45; ಸರಿಯಾದ ಚಿಕಿತ್ಸೆಯಿಂದ ಅದು ಶೇ. 5ಕ್ಕಿಂತ ಕೆಳಗೆ ಇಳಿಯುತ್ತದೆ. ತಾಯಿಯ ಪ್ರತಿಕಾಯಗಳು ಮಗುವಿನಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ ಮಗುವಿಗೆ ಆರು ವಾರದಲ್ಲಿ ಬೇರೆ ಬಗೆಯ ಪರೀಕ್ಷೆ ಬೇಕೆಂಬುದನ್ನೂ ಸೇರಿಸಿ. ನಿಯಮಿತ ಚಿಕಿತ್ಸೆಯಿಂದ ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲೇ ಉಳಿದಿರುವವರಿಂದ ಲೈಂಗಿಕ ಸಂಗಾತಿಗೆ ಸೋಂಕು ಹರಡುವುದಿಲ್ಲ ಎಂಬ ಸಂಗತಿಯನ್ನು ಒತ್ತಿ ಹೇಳಿ.

ಐದನೆಯ ಹೆಜ್ಜೆ: ಮಾತನ್ನು ಅಭ್ಯಾಸ ಮಾಡಿಸುವುದು

ಸಂಭೋಗ, ಕಾಂಡೋಮ್, ಬಿಳಿ ಮುಟ್ಟು, ಗುಪ್ತಾಂಗ ಎಂಬ ಪದಗಳನ್ನು ತಗ್ಗಿದ ದನಿಯಲ್ಲಿ ನುಂಗಿ ಹೇಳುವ ನರ್ಸ್‌ನ ಮುಂದೆ ರೋಗಿ ಮನಬಿಚ್ಚಿ ಮಾತನಾಡುವುದಿಲ್ಲ. ಆದ್ದರಿಂದ ಮೊದಲು ತರಗತಿಯಲ್ಲೇ ಈ ಪದಗಳನ್ನು ಸಹಜ ದನಿಯಲ್ಲಿ ಹೇಳಿಸಿ. ಕಾಂಡೋಮ್ ಬಳಕೆಯನ್ನು ಮಾದರಿಯ ಮೇಲೆ ಹುಡುಗ ಹುಡುಗಿಯರೆಲ್ಲರೂ ಮಾಡಿ ತೋರಿಸಲಿ. ಬಳಿಕ ಮೂವರ ಗುಂಪಿನಲ್ಲಿ ಪಾತ್ರಾಭಿನಯ: ಒಬ್ಬರು ನರ್ಸ್, ಒಬ್ಬರು ಬಂದವರು, ಒಬ್ಬರು ನೋಡಿ ಬರೆದುಕೊಳ್ಳುವವರು.

ನಮ್ಮ ಕಡೆ ಬಹಳ ಸಲ ಎದುರಾಗುವ ಸನ್ನಿವೇಶವೊಂದನ್ನು ತಪ್ಪದೆ ಮಾಡಿಸಿ. ಗರ್ಭಿಣಿ ಸೊಸೆಯ ಜೊತೆ ಅತ್ತೆ ಬಂದಿದ್ದಾರೆ, ಕೋಣೆಯಲ್ಲೇ ಕೂತಿದ್ದಾರೆ. ಅತ್ತೆಯ ಮುಂದೆ ಪರೀಕ್ಷೆಯ ಮಾತು ಎತ್ತುವಂತಿಲ್ಲ, ಅವರಿಗೆ ಅವಮಾನವೂ ಆಗಬಾರದು. ‘ಅಮ್ಮಾ, ನೀವು ಸ್ವಲ್ಪ ಹೊರಗೆ ಬೆಂಚಿನ ಮೇಲೆ ಕೂತಿರಿ, ಇವರನ್ನ ತಪಾಸಣೆ ಮಾಡಿ ಆಮೇಲೆ ಕರೀತೀನಿ’ ಎಂದು ನಗುಮುಖದಿಂದ ಹೇಳಿ ಬಾಗಿಲು ಹಾಕುವುದು, ಅನಂತರ ಸೊಸೆಯ ಕಡೆ ತಿರುಗಿ ‘ಎಲ್ಲ ಗರ್ಭಿಣಿಯರಿಗೂ ಮಾಡೋ ರಕ್ತಪರೀಕ್ಷೆಗಳಲ್ಲಿ ಎಚ್‌ಐವಿ ಪರೀಕ್ಷೆನೂ ಒಂದು. ಅದು ಯಾಕೆ ಅಂತ ಹೇಳ್ತೀನಿ, ಕೇಳಿ ನೀವು ಒಪ್ಪಿದರೆ ಮಾಡೋಣ’ ಎಂದು ಆರಂಭಿಸುವುದು ಕಲಿತೇ ಬರಬೇಕಾದ ಕೌಶಲ. ‘ನಿಮಗೆ ಇದು ಎಲ್ಲಿಂದ ಬಂತು’ ಎಂಬ ಕುತೂಹಲದ ಪ್ರಶ್ನೆ ಎಲ್ಲಿ ಕೇಳಿಬಂದರೂ ಅಭಿನಯವನ್ನು ಅಲ್ಲೇ ನಿಲ್ಲಿಸಿ, ಬೇರೆ ರೀತಿಯಲ್ಲಿ ಕೇಳಿಸಿ. ಉಚಿತ ಸಹಾಯವಾಣಿ 1097 ಎಲ್ಲರಿಗೂ ಬಾಯಿಪಾಠವಾಗಿರಲಿ.

ಕಾನೂನು: ತಪ್ಪು ಹುಡುಕುವ ಹಾಳೆ

2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಾದ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆಯು ಒಪ್ಪಿಗೆಯ ಪರೀಕ್ಷೆ, ಗೋಪ್ಯತೆ ಮತ್ತು ತಾರತಮ್ಯ ನಿಷೇಧವನ್ನು ಕಡ್ಡಾಯಗೊಳಿಸಿದೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆಯಲ್ಲಿ ದೂರು ಅಧಿಕಾರಿ ಇರಬೇಕು. ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ ಮತ್ತು ತಡೆ ಔಷಧ ಒದಗಿಸುವುದೂ ಅದೇ ಕಾಯ್ದೆಯ ಪ್ರಕಾರ ಸಂಸ್ಥೆಯ ಕರ್ತವ್ಯ; ಈ ಭಾಗ ಕೇಳಿದಾಗ ಕಾಯ್ದೆ ತಮ್ಮ ಪರವಾಗಿಯೂ ಇದೆ ಎಂದು ವಿದ್ಯಾರ್ಥಿಗಳಿಗೆ ಅರಿವಾಗುತ್ತದೆ.

ಉಪನ್ಯಾಸದ ಬದಲು ಒಂದು ನಕಲಿ ಕೇಸ್ ಶೀಟ್ ತಯಾರಿಸಿ. ಮೇಲ್ಮೈಯಲ್ಲಿ ಕೆಂಪು ಅಕ್ಷರದ ಗುರುತು, ಹಾಸಿಗೆಯ ತಲೆಯ ಬಳಿ ಅಂಟಿಸಿದ ಚೀಟಿ, ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಕಾರಣವಿಲ್ಲದೆ ಕೊನೆಗೆ ತಳ್ಳಿದ ಹೆಸರು, ಒಪ್ಪಿಗೆಯ ಸಹಿ ಇಲ್ಲದ ವರದಿ, ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ರೋಗಿಯ ವಿವರ. ಎಲ್ಲಿ ತಪ್ಪಿದೆ, ಸರಿಪಡಿಸುವುದು ಹೇಗೆ ಎಂದು ವಿದ್ಯಾರ್ಥಿಗಳೇ ಬರೆಯಲಿ.

ಆರನೆಯ ಹೆಜ್ಜೆ: ಎಚ್‌ಐವಿ ಜೊತೆ ಬದುಕುತ್ತಿರುವವರೊಂದಿಗೆ ಒಂದು ಮಧ್ಯಾಹ್ನ

ಕಳಂಕವನ್ನು ಕರಗಿಸುವಲ್ಲಿ ನೇರ ಮುಖಾಮುಖಿಯಷ್ಟು ಪರಿಣಾಮ ಉಪನ್ಯಾಸಕ್ಕಿಲ್ಲ. ವಾರ್ಡ್ ಪೋಸ್ಟಿಂಗ್‌ಗೆ ಮುಂಚೆ, ಸೋಂಕಿತರ ಸಂಘಟನೆಯ ಮೂಲಕ, ಬಹಿರಂಗವಾಗಿ ಮಾತನಾಡಲು ಸ್ವತಃ ಒಪ್ಪಿರುವವರನ್ನು, ಸಾಧ್ಯವಾದರೆ ಬೇರೆ ಜಿಲ್ಲೆಯಿಂದ ಆಹ್ವಾನಿಸಿ. ಪ್ರಯಾಣದ ಖರ್ಚು ಮತ್ತು ಗೌರವಧನ ಕೊಡಿ. ಫೋಟೊ, ರೆಕಾರ್ಡಿಂಗ್ ಬೇಡ. ಪ್ರಶ್ನೆಗಳನ್ನು ಮೊದಲೇ ಬರೆಸಿ ಬೋಧಕರು ನೋಡಿರಬೇಕು. ಅವರೊಂದಿಗೆ ಎಲ್ಲರೂ ಒಂದೇ ಮೇಜಿನಲ್ಲಿ ಕೂತು ಊಟ ಮಾಡುವ ವ್ಯವಸ್ಥೆ ಇರಲಿ. ಆದರೆ ಅದನ್ನೊಂದು ಪ್ರದರ್ಶನವಾಗಿಸಿ ಘೋಷಿಸಬೇಡಿ.

ಏಳನೆಯ ಹೆಜ್ಜೆ: ವಾರ್ಡ್ ಮತ್ತು ಸಮುದಾಯ

ಮೆಗ್ಗಾನ್‌ನಂಥ ದೊಡ್ಡ ಬೋಧನಾ ಆಸ್ಪತ್ರೆಯಿರಲಿ, ತಾಲ್ಲೂಕು ಆಸ್ಪತ್ರೆಯಿರಲಿ, ಸಮಾಲೋಚನಾ ಕೋಣೆಗೆ ಒಂದು ಬಾರಿಗೆ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಬೇಡಿ, ಅದೂ ಬಂದವರ ಒಪ್ಪಿಗೆ ಇದ್ದರೆ ಮಾತ್ರ. ದಿನಚರಿಯಲ್ಲಿ ಹೆಸರು, ಊರು, ಜಾತಿ, ಕೆಲಸ ಯಾವುದೂ ಬರಬಾರದು. ಚಿಕ್ಕ ಊರುಗಳಲ್ಲಿ ಊರಿನ ಹೆಸರು ಮತ್ತು ಕೆಲಸ ಸೇರಿದರೆ ವ್ಯಕ್ತಿಯ ಗುರುತು ಸಿಕ್ಕಂತೆಯೇ. ಹಾಸ್ಟೆಲಿಗೆ ಮರಳುವ ಬಸ್ಸಿನಲ್ಲಿ ವಾರ್ಡಿನ ಮಾತು ಆಡಬಾರದೆಂಬ ನಿಯಮವನ್ನು ಮೊದಲ ದಿನವೇ ಹೇಳಿ.

ಸಮುದಾಯದ ಕಾರ್ಯಕ್ರಮಕ್ಕೆ ಭಿತ್ತಿಪತ್ರಕ್ಕಿಂತ ತಾಳಮದ್ದಲೆಯ ಮಾದರಿ ನಮ್ಮ ಜನಕ್ಕೆ ಹತ್ತಿರ. ಒಬ್ಬ ವಿದ್ಯಾರ್ಥಿ ಊರಿನ ಸಂಶಯಗಳ ಪರವಾಗಿ, ಇನ್ನೊಬ್ಬರು ವೈದ್ಯವಿಜ್ಞಾನದ ಪರವಾಗಿ ಅರ್ಥ ಹೇಳುತ್ತ ವಾದಕ್ಕಿಳಿದರೆ ಸ್ತ್ರೀಶಕ್ತಿ ಸಂಘದ ಸಭೆಯಲ್ಲೂ ಜನ ಕೊನೆಯವರೆಗೆ ಕೂರುತ್ತಾರೆ. ಸಂಶಯದ ಪಕ್ಷವನ್ನು ಗಟ್ಟಿಯಾಗಿ ವಾದಿಸಬಲ್ಲವರಿಗೇ ಆ ಪಾತ್ರ ಕೊಡಿ. ದುರ್ಬಲ ವಾದವನ್ನು ಗೆದ್ದು ಪ್ರಯೋಜನವಿಲ್ಲ.

ಮೌಲ್ಯಮಾಪನ

ಲಿಖಿತ ಪರೀಕ್ಷೆ ಇರಲಿ, ಆದರೆ ಅದರ ತೂಕ ಕಡಿಮೆ ಇರಲಿ. ಗ್ಲೌಸ್ ತೆಗೆಯುವುದು, ಚೂಪು ವಸ್ತುಗಳ ವಿಲೇವಾರಿ, ಚುಚ್ಚಿಕೊಂಡ ತಕ್ಷಣದ ಕ್ರಮ, ಪರೀಕ್ಷಾಪೂರ್ವ ಸಮಾಲೋಚನೆ, ಮಾತ್ರೆಯ ಸಮಯ ವಿವರಿಸುವುದು ಹೀಗೆ ಒಂದೊಂದು ಕೌಶಲಕ್ಕೂ ಒಂದೊಂದು ಮೇಜು ಇಟ್ಟು, ಪಟ್ಟಿ ಹಿಡಿದು ಅಂಕ ಕೊಡಿ. ಆರಂಭದ ಚೀಟಿಗಳಲ್ಲಿದ್ದ ಪ್ರಶ್ನೆಗಳನ್ನೇ ಮೌಖಿಕವಾಗಿ ಕೇಳಿ, ಊರಿನ ಅಜ್ಜಿಯೊಬ್ಬರಿಗೆ ಅರ್ಥವಾಗುವ ಕನ್ನಡದಲ್ಲಿ ಉತ್ತರಿಸಲು ಹೇಳಿ.

ಆರು ತಿಂಗಳ ನಂತರ ವಾರ್ಡಿನಲ್ಲಿ ಮತ್ತೆ ನೋಡಿ: ಸೋಂಕಿತ ರೋಗಿಗೆ ಔಷಧ ಕೊನೆಯಲ್ಲಿ ತಲುಪುತ್ತಿದೆಯೇ, ಬಿಪಿ ನೋಡಲು ಗ್ಲೌಸ್ ಬಂದಿದೆಯೇ, ಹಾಗೆಯೇ ಉಳಿದ ರೋಗಿಗಳಿಗೆ ಕ್ಯಾನುಲಾ ಹಾಕುವಾಗ ಗ್ಲೌಸ್ ತಪ್ಪುತ್ತಿದೆಯೇ. ಹಳೆಯ ಭಯ ಮರಳಿದ ವಿದ್ಯಾರ್ಥಿಯನ್ನು ಎಲ್ಲರೆದುರು ಗದರಿಸದೆ ಪಕ್ಕಕ್ಕೆ ಕರೆದು, ಆ ದಿನ ಅವಳು ಮಾಡಬೇಕಿದ್ದ ಕೆಲಸಗಳ ಚೀಟಿಗಳನ್ನು ಅವಳ ಕೈಗೇ ಕೊಟ್ಟು ಮತ್ತೊಮ್ಮೆ ವಿಂಗಡಿಸಲು ಹೇಳಿ, ಬಳಿಕ ಅದೇ ರೋಗಿಯ ಹಾಸಿಗೆಗೆ ನೀವೂ ಅವಳ ಜೊತೆ ಹೋಗಿ ಬರಿಗೈಯಿಂದ ನಾಡಿ ಹಿಡಿಯಿರಿ, ಆಮೇಲೆ ಅವಳಿಂದ ಹಿಡಿಸಿ.